ಎದುರು ಕೂತವಳು

ಮಾರ್ಚ್ ಹದಿನೇಳನೇ ತಾರೀಖು, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಅಣ್ಣನ ಮಗಳು ಇಂಚರ ದ್ವಿತೀಯ ಪಿಯುಸಿ ಮನಃಶಾಸ್ತ್ರದ ಪುಸ್ತಕ ತೆರೆದಳು. ಐದು ಐವತ್ತೆರಡಕ್ಕೆ ಅವಳಿಗೆ ಪ್ರೇರಣೆಯ ವ್ಯಾಖ್ಯಾನ ತಪ್ಪಿಲ್ಲದೆ ಬಾಯಿಗೆ ಬಂತು. ನನಗೆ ಕಪ್ಪೆಯ ಹೃದಯ ಮರೆತುಹೋಯಿತು. ಹೋದದ್ದು ಕಪ್ಪೆಯ ಹೃದಯ ಎಂದು ನನಗೆ ಗೊತ್ತಾಗುವುದು ನೋಟ್‌ಬುಕ್ಕಿನಿಂದ. ಏನು ಕೊಡುತ್ತಿದ್ದೇನೆ ಎಂದು ಬರೆದಿಟ್ಟೇ ಕೂರುತ್ತೇನೆ. ಅದರಲ್ಲಿ ಎಷ್ಟು ಕೋಣೆಗಳಿದ್ದವೋ ಈಗ ತಿಳಿಯದು. ಬೇಸರವೂ ಇಲ್ಲ. ಪದವಿ ಮುಗಿದು ಇಪ್ಪತ್ತಾರು ವರ್ಷ ಆ ಹೃದಯವನ್ನು ಇಂಥದೊಂದು ಬೆಳಗಿಗಾಗಿಯೇ ಕಾಪಾಡಿಕೊಂಡು ಬಂದಿದ್ದೆ.

ನಮ್ಮ ಊರಿನಲ್ಲಿ ಇದನ್ನು ಎದುರು ಕೂರುವುದು ಎನ್ನುತ್ತಾರೆ. ಮಕ್ಕಳು ಉರು ಹೊಡೆಯುವಾಗ ಮನೆಯ ಒಬ್ಬರು ಎದುರಿಗೆ ಚಾಪೆ ಹಾಕಿಕೊಂಡು ಕೂತು, ತಮಗೆ ಬೇಡವಾದದ್ದೊಂದನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಬೇಕು. ಮಗು ಪುಸ್ತಕ ಮುಚ್ಚಿ ಪಾಠ ಒಪ್ಪಿಸಿದ ಗಳಿಗೆಯಲ್ಲಿ ಅದು ಹೋಗುತ್ತದೆ. ಯಾರೂ ಕೂರದಿದ್ದರೆ ಹತ್ತಿರ ಇದ್ದವರಿಂದ, ಅವರು ಆಗ ಏನು ಯೋಚಿಸುತ್ತಿದ್ದರೋ ಅದು ಹೋಗುತ್ತದೆ. ಆದ್ದರಿಂದ ಫೆಬ್ರವರಿ ಬಂತೆಂದರೆ ಜನ ಕಿಟಕಿಗಳ ಪಕ್ಕ ಬೇಗಬೇಗ ನಡೆಯುತ್ತಾರೆ. ಪುರಸಭೆಯ ಆಟೋ ಮೈಕಿನಲ್ಲಿ ಕೂಗಿಕೊಂಡು ತಿರುಗುತ್ತದೆ: “ಸಾರ್ವಜನಿಕರಲ್ಲಿ ವಿನಂತಿ. ಪರೀಕ್ಷಾರ್ಥಿಗಳ ಮನೆಯ ಆಸುಪಾಸಿನಲ್ಲಿ ಮುಖ್ಯವಾದ ಯಾವುದನ್ನೂ ಯೋಚಿಸಬಾರದಾಗಿ ಕೋರಿದೆ.” ಆ ಮೈಕಿನವನೇ ಒಂದು ವರ್ಷ ಟೀಚರ್ಸ್ ಕಾಲೊನಿಯಲ್ಲಿ ಸಿಕ್ಕಿಕೊಂಡು, ‘ಸಾರ್ವಜನಿಕರಲ್ಲಿ’ ಆದ ಮೇಲೆ ಏನು ಎಂದು ತಿಳಿಯದೆ ಅಷ್ಟನ್ನೇ ಸಂಜೆಯವರೆಗೆ ಕೂಗಿದ. ನಾನು ಕೆಲಸ ಮಾಡುವ ಹಾಲಿನ ಡೈರಿಯ ಕಾಂಪೌಂಡಿಗೆ ಒರಗಿ ಯಾರೋ ಒಬ್ಬ ಹುಡುಗಿ ಅರ್ಥಶಾಸ್ತ್ರ ಓದಿದ್ದರಿಂದ ನನ್ನ ಸಹಾಯಕನಿಗೆ ಲ್ಯಾಕ್ಟೋಮೀಟರ್ ಏತಕ್ಕೆ ಎಂಬುದೇ ಮರೆತು, ನಾನು ರಜೆಯಲ್ಲಿದ್ದ ಹನ್ನೊಂದು ದಿನ ಊರು ನೀರನ್ನೇ ಹಾಲೆಂದು ಕುಡಿಯಿತು. ಯಾರೂ ದೂರಲಿಲ್ಲ. ಪರೀಕ್ಷೆಯ ಕಾಲ ಎಂದುಕೊಂಡರು.

ಮನೆಗಳಲ್ಲಿ ಮೊದಲು ಹೋಗುವುದು ಹಳೆಯ ಫೋನ್ ನಂಬರುಗಳು, ನಿಂತುಹೋದ ಬಸ್ಸುಗಳ ವೇಳೆ, ಸೋತ ಅಭ್ಯರ್ಥಿಗಳ ಹೆಸರು, ಹದಿನಾರರ ಮೇಲಿನ ಮಗ್ಗಿ. ಎಸ್ಸೆಸ್ಸೆಲ್ಸಿ ದಾಟುವಷ್ಟರಲ್ಲಿ ಇವು ಮುಗಿಯುತ್ತವೆ. ಆಮೇಲೆ ಒಳಗಿನದಕ್ಕೆ ಕೈ ಹಾಕಬೇಕು. ಗಂಡಸರು ಸಾಮಾನ್ಯವಾಗಿ ಎದುರು ಕೂರುವುದಿಲ್ಲ. ಅವರ ತಲೆಯಲ್ಲಿರುವುದೆಲ್ಲ ಮುಖ್ಯವಾದದ್ದು. ನನ್ನ ಅಣ್ಣ ಮಹೇಶ್ವರಪ್ಪ ಒಂದೇ ಒಂದು ಸಲ ಕೂತ. ಬೇಡವಾದದ್ದನ್ನು ಹುಡುಕಿ ಹುಡುಕಿ ಸಿಗದೆ, ಕೊನೆಗೆ ತನ್ನ ಪೇಂಟ್ ಅಂಗಡಿಯಿಂದ ಮನೆಗೆ ಬರುವ ದಾರಿಯನ್ನು ಕಳೆದುಕೊಂಡು ಎದ್ದ. ಒಂದು ವಾರ ನಾನೇ ಹೋಗಿ ಕರೆದುಕೊಂಡು ಬಂದೆ.

ನಾನು ಬಿ.ಎಸ್ಸಿ. ಓದಿದವಳು. ಓದಿದ್ದು ಹೊರಗಿನ ಊರಿನ ಹಾಸ್ಟೆಲಿನಲ್ಲಿ. ಅಲ್ಲಿ ಮರೆವು ಅವರವರ ಸ್ವಂತ ವಿಷಯ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ: ಎದುರು ಕೂರಲು ಇದಕ್ಕಿಂತ ಒಳ್ಳೆಯ ಅರ್ಹತೆ ಇಲ್ಲ. ಮೂರು ವರ್ಷದ ಪಾಠ, ಅದರಲ್ಲಿ ಮನೆ ನಡೆಸಲು ಬೇಕಾದ ಸಾಲು ಒಂದೂ ಇಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹಾಡಲು ಬರುತ್ತದೆಯೇ ಎಂದು ಕೇಳಲಿಲ್ಲ. “ಸಾವಯವ ರಸಾಯನ ಪೂರ್ತಿ ಇದೆಯಾಮ್ಮ?” ಎಂದು ಕೇಳಿದರು. ಇದೆ ಎಂದೆ. ಅವರ ಕಣ್ಣು ಅರಳಿದ್ದನ್ನು ಅಪ್ಪ ನೋಡಿದರು. ಅವರು ಎದ್ದು ಹೋದ ಮೇಲೆ, “ಇಷ್ಟು ಓದ್ಸಿ ಬೇರೆಯವ್ರ ಮನೆ ಮಕ್ಳಿಗೆ ಯಾಕ್ ಕೊಡ್ಬೇಕು? ನಮ್ ಮಹೇಶನ ಮಕ್ಳಿಗೆ ಆಗುತ್ತೆ” ಎಂದರು. ಮಹೇಶನಿಗೆ ಆಗಿನ್ನೂ ಮಕ್ಕಳಿರಲಿಲ್ಲ. ಮದುವೆಯೂ ಆಗಿರಲಿಲ್ಲ. ನಾನು ಮನೆಯಲ್ಲೇ ಉಳಿದೆ.

ಅಣ್ಣನ ಮಗ ನಿರಂಜನನ ಪಿಯುಸಿಗೆ ನನ್ನ ರಸಾಯನಶಾಸ್ತ್ರ ಹೋಯಿತು. ತಮಾಷೆಯೆಂದರೆ, ನಾನು ಬೆಂಜೀನ್ ಮರೆಯುತ್ತಿದ್ದ ದಿನ ಅವನು ಕಲಿಯುತ್ತಿದ್ದದ್ದೂ ಬೆಂಜೀನೇ. ಮನೆಯಲ್ಲಿ ಮೊದಲೂ ಒಂದು ಬೆಂಜೀನ್ ಇತ್ತು, ಆಮೇಲೂ ಒಂದೇ ಇತ್ತು. ಪರೀಕ್ಷೆ ಮುಗಿದ ವಾರಕ್ಕೆ ಅವನೂ ಮರೆತ. ಮಕ್ಕಳು ಮರೆತದ್ದು ನಮಗೆ ವಾಪಸು ಬರುವುದಿಲ್ಲ. ಹಾಗಾದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ವಿಜ್ಞಾನ ಓದಿದ ನಾನಾದರೂ ಕೇಳಬೇಕಿತ್ತು, ಕೇಳಲಿಲ್ಲ. ನಿರಂಜನ ಈಗ ಅಪ್ಪನ ಜೊತೆ ಅಂಗಡಿಯಲ್ಲಿ ಪೇಂಟ್ ಡಬ್ಬಿ ಅಲ್ಲಾಡಿಸುತ್ತಾನೆ.

ಇಂಚರಳ ಸರದಿ ಬರುವಷ್ಟರಲ್ಲಿ ನನ್ನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಅದಕ್ಕೇ ಅಣ್ಣ ಅವಳನ್ನು ಕಲಾ ವಿಭಾಗಕ್ಕೆ ಸೇರಿಸಿದ. ಅಲ್ಲಿ ಕಡಿಮೆ ಮರೆತರೆ ಸಾಕು ಎಂದು ಬಣ್ಣ ಕೊಳ್ಳಲು ಬಂದ ಯಾರೋ ಹೇಳಿದ್ದರಂತೆ. ಇತಿಹಾಸಕ್ಕೆ ನನ್ನ ಜರಿಗಿಡಗಳು ಹೋದವು, ಅರ್ಥಶಾಸ್ತ್ರಕ್ಕೆ ಮೃದ್ವಂಗಿಗಳು, ಸಮಾಜಶಾಸ್ತ್ರಕ್ಕೆ ಎರೆಹುಳು. ಕೊನೆಯ ಪತ್ರಿಕೆ ಮನಃಶಾಸ್ತ್ರ, ಮಾರ್ಚ್ ಇಪ್ಪತ್ತೊಂದಕ್ಕೆ. ಇಂಚರಳಿಗೆ ಬಿ.ಎ.ಯಲ್ಲೂ ಅದನ್ನೇ ಓದುವ ಆಸೆ. ಪಾಸಾಗದಿದ್ದರೆ ಓದು ಸಾಕು, ಅಂಗಡಿಯಲ್ಲಿ ಬಿಲ್ ಬರೆಯಲು ಕೂರು ಎಂದು ಅಣ್ಣ ಹೇಳಿಯಾಗಿತ್ತು.

ಹದಿನೇಳರ ಬೆಳಿಗ್ಗೆ, ಕಪ್ಪೆ ಹೋದ ಮೇಲೆ, ನನ್ನ ನೋಟ್‌ಬುಕ್ಕಿನ ‘ಕೊಡಬಹುದು’ ಪುಟದಲ್ಲಿ ಉಳಿದದ್ದು ಒಂದೇ ಸಾಲು: ಡಿಗ್ರಿ ತರಗತಿಯ ಹಾಜರಿ ಪಟ್ಟಿ, ಒಂದರಿಂದ ನಲವತ್ತೆರಡರವರೆಗೆ, ಕ್ರಮವಾಗಿ. ‘ಕೊಡಬಾರದು’ ಪುಟದಲ್ಲಿ ನಾಲ್ಕು ಸಾಲು: ಡೈರಿಯ ಪರೀಕ್ಷೆಗಳು, ಮನೆಯವರ ಮುಖ ಮತ್ತು ಹೆಸರು, ಅಡುಗೆ, ಕೊನೆಗೆ ‘ಸಮುದ್ರ, ಎರಡು ದಿನ’. ಈ ಸಮುದ್ರ ಡಿಗ್ರಿಯ ಎರಡನೆಯ ವರ್ಷದ ಅಧ್ಯಯನ ಪ್ರವಾಸದ್ದು. ನಮ್ಮ ಮನೆಯಲ್ಲಿ ಸಮುದ್ರ ನೋಡಿದವಳು ನಾನೊಬ್ಬಳೇ.

ಅತ್ತಿಗೆ ಗಿರಿಜಾಂಬ ಆ ಪುಟ ಕಣ್ಣಿಗೆ ಬಿದ್ದಾಗಲೆಲ್ಲ, “ಶೈಲಾ, ಆ ಸಮುದ್ರ ಇಟ್ಕೊಂಡು ಏನ್ ಮಾಡ್ತೀಯ? ಉಪ್ಪಿಗೂ ಬರಲ್ಲ” ಎನ್ನುತ್ತಿದ್ದರು.

“ಇರ್ಲಿ ಬಿಡಿ ಅತ್ತಿಗೆ.”

“ಅದೊಂದ್ ಕೊಟ್ಟಿದ್ರೆ ನಿರಂಜನಂಗೆ ಇಂಜಿನಿಯರಿಂಗ್ ಸೀಟೇ ಸಿಕ್ತಿತ್ತು.”

ಅದೇ ದಿನ ಏಳು ಗಂಟೆಗೆ ಅನುಬಂಧನದ ಪಾಠ ತೆಗೆದೆವು. ಗಂಟೆ ಬಾರಿಸಿ ನಾಯಿಗೆ ಊಟ ಹಾಕುವ ಪ್ರಯೋಗ. ಕೆಲವು ದಿನ ಕಳೆದರೆ ಊಟವಿಲ್ಲದೆ ಬರೀ ಗಂಟೆ ಬಾರಿಸಿದರೂ ನಾಯಿ ಜೊಲ್ಲು ಸುರಿಸುತ್ತದೆ. ನಾನು ಹಾಜರಿ ಪಟ್ಟಿಯನ್ನು ಮನಸ್ಸಿನಲ್ಲಿ ಹಿಡಿದು ಕೂತೆ. ಇಂಚರ ಎರಡು ಸಲ ಓದಿ ಜಡೆಯ ತುದಿ ಕಚ್ಚಿದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹಜಾರದಲ್ಲಿ ಪೇಪರ್ ಓದುತ್ತಿದ್ದ ಅಣ್ಣ ಎದ್ದು, ಕೈ ತೊಳೆದುಕೊಂಡು, ಬಂದು ಖಾಲಿ ತಟ್ಟೆಯ ಮುಂದೆ ಕೂತ.

“ಅತ್ತೆ,” ಎಂದಳು ಇಂಚರ ಮೆಲ್ಲಗೆ, “ಅಪ್ಪನೇ ನಾಯಿ.”

“ಯಾರ್ನೇ ನಾಯಿ ಅಂತಿರೋದು?” ಅತ್ತಿಗೆಯ ದನಿ ಒಳಗಿನಿಂದ ಬಂತು.

“ಪಾಠ ಅಮ್ಮ, ಪಾಠ.”

“ಕುಕ್ಕರಲ್ಲಿರೋದು ಆಲೂಗಡ್ಡೆ ಕಣ್ರೀ, ಏಳಿ,” ಎಂದು ಅತ್ತಿಗೆ ಅಣ್ಣನಿಗೆ ಹೇಳುವುದು ಕೇಳಿಸಿತು. “ತಿಂಡಿಗಿನ್ನೂ ಅರ್ಧ ಗಂಟೆ ಇದೆ.”

ಇಂಚರ ಪುಸ್ತಕ ಮುಚ್ಚಿ ಪಾಠವನ್ನು ಪೂರ್ತಿ ತನ್ನ ಮಾತಿನಲ್ಲೇ ಹೇಳಿದಳು. ಕುಕ್ಕರ್, ಅಪ್ಪ, ಆಲೂಗಡ್ಡೆ ಎಲ್ಲವೂ ಅದರಲ್ಲಿ ಬಂದವು. ತಪ್ಪು ಎಲ್ಲಿಯೂ ಇರಲಿಲ್ಲ. ನಾನು ಹಾಜರಿ ಪಟ್ಟಿ ತೆಗೆದು ನೋಡಿಕೊಂಡೆ. ನಲವತ್ತೆರಡು ಹೆಸರೂ ಹಾಗೇ ಇದ್ದವು.

ಇಂಥದ್ದು ಕಂಡ ಮೇಲೆ ಸುಮ್ಮನಿರುವ ಅಭ್ಯಾಸ ನನಗಿಲ್ಲ. ಹದಿನೆಂಟರಂದು ಡೈರಿಗೆ ರಜೆ ಹಾಕಿ ಪ್ರಯೋಗಕ್ಕೆ ಕೂತೆ. ಇಂಚರ ಒಂದು ಸಲ ನಲವತ್ತು ಪದ ಉರು ಹೊಡೆಯಬೇಕು, ಒಂದು ಸಲ ಅಷ್ಟೇ ಉದ್ದದ ಭಾಗವನ್ನು ಮಾತಾಡಿ ಅರ್ಥ ಮಾಡಿಕೊಳ್ಳಬೇಕು. ಪ್ರತಿ ಸಲದ ನಂತರ ನಾನು ಹಾಜರಿ ಕರೆಯುತ್ತೇನೆ, ಅವಳು ಎಣಿಸುತ್ತಾಳೆ. ಉರು ಹೊಡೆದಾಗ ಆರು ಹೆಸರು ಹೋದವು. ಅರ್ಥ ಮಾಡಿಕೊಂಡಾಗ ಒಂದೂ ಹೋಗಲಿಲ್ಲ. ಒಂದು ಸಲದ ಫಲಿತಾಂಶವನ್ನು ನಂಬಬಾರದು ಎಂದು ಕಲಿತವಳು ನಾನು. ಎರಡನೆಯ ಸಲ, ಮೂರನೆಯ ಸಲ, ಹೀಗೆ ಏಳು ಸಲ ಮಾಡಿದೆ. ಏಳು ಸಲವೂ ಅದೇ ಅಂಕಿ. ಏಳನೆಯ ಸಲ ಹಾಜರಿ ಕರೆಯಲು ಬಾಯಿ ತೆರೆದಾಗ ತರಗತಿ ಖಾಲಿಯಾಗಿತ್ತು.

“ಅಂದ್ರೆ ಅತ್ತೆ,” ಇಂಚರ ನಿಧಾನವಾಗಿ ಹೇಳಿದಳು, “ಅರ್ಥ ಮಾಡ್ಕೊಂಡ್ರೆ ಯಾರ್ದೂ ಏನೂ ಹೋಗಲ್ಲ.”

“ಹೌದು.”

“ಇದು ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ವಾ?”

ಗೊತ್ತಾಗಲು ಊರಿನಲ್ಲಿ ಅಂಥ ಸಂದರ್ಭ ಬಂದಿರಲಿಲ್ಲ ಎಂದೆ. ನಿರಂಜನ ಬೆಂಜೀನನ್ನು ಒಂದು ದಿನವಾದರೂ ಅರ್ಥ ಮಾಡಿಕೊಂಡಿದ್ದರೆ ನನ್ನ ಬೆಂಜೀನ್ ನನ್ನಲ್ಲೇ ಇರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕಾಫಿ ತಂದ ಅತ್ತಿಗೆ ಖಾಲಿ ಪುಟ ನೋಡಿದರು. “ಅಷ್ಟೂ ಮುಗಿಸಿದ್ಯಾ? ಹೋಗ್ಲಿ, ಏಳು ಪಾಠ ಬಾಯಿಗೆ ಬಂತಲ್ಲ.”

“ಪಾಠ ಅಲ್ಲ ಅಮ್ಮ,” ಎಂದಳು ಇಂಚರ. “ಮುನ್ನುಡಿ.”

ಪಾಠದ ಭಾಗ ಬಳಸಿದರೆ ಹುಡುಗಿಗೆ ಮೊದಲೇ ಅರ್ಧ ಗೊತ್ತಿರುತ್ತದೆ, ಅಳತೆ ಕೆಡುತ್ತದೆ ಎಂದು ನಾನು ಉರು ಹೊಡೆಯಲು ಪಠ್ಯಪುಸ್ತಕದ ಮುನ್ನುಡಿಯನ್ನು ಕೊಟ್ಟಿದ್ದೆ. ಅದನ್ನು ವಿವರಿಸಲು ನೋಡಿದೆ. ಅತ್ತಿಗೆ ಕಾಫಿ ಲೋಟ ನೆಲಕ್ಕಿಟ್ಟರು.

“ಮುನ್ನುಡಿಗೆ ಮಾರ್ಕ್ಸ್ ಕೊಡ್ತಾರಾ ಶೈಲಾ? ಬಿಎಸ್ಸಿ ಓದಿದೀನಿ ಅಂತ ಮನೇಲಿದ್ದ ನಲವತ್ತೆರಡು ಜನಾನೂ ಮುನ್ನುಡಿಗೆ ಸುರ್ದ್ಯಲ್ಲ. ನಾನೇ ಕೂತ್ಕೊಳೋಣ ಅಂದ್ರೆ ನನ್ನತ್ರ ಇರೋದು ಬರೀ ಅಡಿಗೆ. ನಾಳೆ ಸಾರು ಮರ್ತ್ರೆ ಇವ್ರು ನಿನ್ ಪ್ರಯೋಗ ಉಣ್ತಾರಾ?”

ನಾನು ಲೋಟ ಎತ್ತಿಕೊಂಡು ಕಾಫಿ ಕುಡಿದೆ. ಚಿಂತೆ ಅಷ್ಟಾಗಿ ಇರಲಿಲ್ಲ. ಇನ್ನು ಉರು ಹೊಡೆಯುವ ಅಗತ್ಯವೇ ಇಲ್ಲವಲ್ಲ ಎಂದುಕೊಂಡೆ. ಆ ಧೈರ್ಯ ಮರುದಿನ ಬೆಳಿಗ್ಗೆ ಹತ್ತೂವರೆಯವರೆಗೆ ಇತ್ತು.

ಹತ್ತೂವರೆಗೆ ನಾನು ಇಂಚರಳ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಕಾಲೇಜಿಗೆ ಹೋದೆ. ಮನಃಶಾಸ್ತ್ರದ ಉಪನ್ಯಾಸಕರು ಉಮಾಪತಿ ಸರ್. ಅವರು ಇತಿಹಾಸದವರು. ಎರಡು ವರ್ಷದ ಹಿಂದೆ ಕಾಲೇಜಿಗೆ ಈ ವಿಷಯ ಬಂದಾಗ, ಒಂದು ಬೇಸಿಗೆ ರಜೆಯಲ್ಲಿ ಮೂರನೇ ಕ್ರಾಸಿನ ತಮ್ಮ ಮನೆಯ ಜಗಲಿಯಲ್ಲಿ ಕೂತು ಇಡೀ ಪುಸ್ತಕವನ್ನು ಉರು ಹೊಡೆದರು. ಎದುರು ಕೂರಲು ಅವರ ಮನೆಯಲ್ಲಿ ಯಾರೂ ಇರಲಿಲ್ಲ, ಬೀದಿಯೇ ಕೊಡಬೇಕಾಯಿತು. ಚರಂಡಿಯ ವಿಷಯಕ್ಕೆ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಎರಡು ಮನೆಯವರಿಗೆ ಯಾಕೆ ಮಾತು ಬಿಟ್ಟಿದ್ದೇವೆ ಎಂಬುದು ಮರೆತುಹೋಯಿತು. ಒಂದು ಮನೆಯವರು ಮಾತಾಡಲು ಶುರು ಮಾಡಿದರು. ಇನ್ನೊಂದು ಮನೆಯವರು ಏನೋ ದೊಡ್ಡದೇ ಇದ್ದಿರಬೇಕೆಂದು ಮುನ್ನೆಚ್ಚರಿಕೆಯಾಗಿ ಸಿಟ್ಟನ್ನು ಮುಂದುವರಿಸಿದ್ದಾರೆ.

ಸರ್ ಉತ್ತರಪತ್ರಿಕೆ ತಿರುವಿದರು. ನೂರಕ್ಕೆ ಮೂವತ್ತೊಂದು ಎಂದು ಅವರೇ ಹಾಕಿದ್ದರು. ಪಾಸಿಗೆ ಮೂವತ್ತೈದು.

“ಹುಡುಗಿ ಬುದ್ಧಿವಂತೆ ಮೇಡಂ. ಅದೇ ತೊಂದ್ರೆ ಆಗಿರೋದು.”

“ಬರ್ದಿರೋದು ತಪ್ಪಾ ಸರ್?”

“ತಪ್ಪಿಲ್ಲ. ಪುಸ್ತಕದಲ್ಲಿರೋ ಹಾಗಿಲ್ಲ.”

“ನಿಮ್ಗೆ ಅರ್ಥ ಆಗಿದೆ ತಾನೆ?”

“ನಂಗೆ ಅರ್ಥ ಆದ್ರೆ ಏನ್ ಬಂತು ಮೇಡಂ? ಪೇಪರ್ ಹೊರಗಡೆ ಹೋಗುತ್ತೆ. ಅವ್ರ ಕೈಲಿ ಮಾದರಿ ಉತ್ತರ ಇರುತ್ತೆ. ಅದರ ಸಾಲಿಗೆ ಸಾಲು ಹೊಂದಿದ್ರೆ ಮಾರ್ಕ್ಸು.” ಅವರು ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಎರಡು ಕಡೆ ಗೆರೆ ಎಳೆದರು. “ಇದೆರಡು ಬಂದೇ ಬರುತ್ತೆ. ಎರಡೆರಡು ಅಂಕ. ಇದನ್ನ ಅಕ್ಷರ ಬಿಡದೆ ಬರೆಸಿ, ಮಿಕ್ಕಿದ್ದು ಹೇಗಾದ್ರೂ ಬರ್ಕೊಳ್ಳಿ. ಮೂವತ್ತೊಂದಕ್ಕೆ ನಾಕು ಸೇರಿದ್ರೆ ದಾಟ್ತಾಳೆ.”

ಒಂದು ವ್ಯಕ್ತಿತ್ವದ ವ್ಯಾಖ್ಯಾನ, ಇನ್ನೊಂದು ಬುದ್ಧಿಶಕ್ತಿಯದು.

“ಬುದ್ಧಿಶಕ್ತಿ ಅಂದ್ರೇನು ಅಂತಾನೂ ಅರ್ಥ ಮಾಡ್ಕೊಂಡು ಬರೀಬಾರ್ದಾ ಸರ್?” ಎಂದೆ.

“ಅದನ್ನಂತೂ ಖಂಡಿತ ಬೇಡ ಮೇಡಂ,” ಎಂದರು ಅವರು. ಅವರ ಮುಖದಲ್ಲಿ ನಗುವಿರಲಿಲ್ಲ. ನನ್ನ ಮೇಲೆ ಕನಿಕರ ಇತ್ತೆಂದೇ ಕಾಣುತ್ತದೆ.

ಮನೆಗೆ ಬಂದು ಎಣಿಸಿದೆ. ಎರಡೂ ವ್ಯಾಖ್ಯಾನ ಸೇರಿ ನಲವತ್ತಾರು ಪದ. ನಲವತ್ತು ಪದಕ್ಕೆ ಆರು ಹೆಸರು ಹೋದರೆ ನಲವತ್ತಾರಕ್ಕೆ ಏಳು ಹೆಸರಿನಷ್ಟು. ಇಷ್ಟೇ ಬೇಕಾದದ್ದು, ಅದೇ ನನ್ನಲ್ಲಿ ಇರಲಿಲ್ಲ.

ಅದೇ ಸಂಜೆ ಇಂಚರ ಸ್ಮೃತಿಯ ಪಾಠ ಓದಿದಳು. ಅದರಲ್ಲಿ ಎರಡು ಬಗೆ ಹೇಳಿದ್ದರು: ಪಟ್ಟಿ, ಸೂತ್ರ, ಅರ್ಥಗಳ ನೆನಪು ಒಂದು, ತನಗೇ ನಡೆದದ್ದರ ನೆನಪು ಇನ್ನೊಂದು. ಎರಡನೆಯದಕ್ಕೆ ಘಟನಾ ಸ್ಮೃತಿ ಎಂದು ಹೆಸರು. ಪುಸ್ತಕದ ಉದಾಹರಣೆ ಶಾಲೆಯ ಮೊದಲ ದಿನದ್ದು.

“ನಂಗೆ ಶಾಲೆಯ ಮೊದಲ ದಿನ ನೆನಪಿಲ್ಲ,” ಎಂದಳು. “ಅತ್ತೆ, ಸಮುದ್ರದ್ದು ಹೇಳು. ಇಷ್ಟು ವರ್ಷ ಅಮ್ಮ ಅದನ್ನ ಕೇಳಿ ಕೇಳಿ ಬೈದಿದ್ದೇ ಬಂತು, ನೀನು ಒಂದ್ಸಲಾನೂ ಹೇಳಿಲ್ಲ.”

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮುಕ್ಕಾಲು ಗಂಟೆ ಹೇಳಿದೆ. ಏನು ಹೇಳಿದೆ ಎಂದು ಇಲ್ಲಿ ಬರೆಯಲಾರೆ. ಕಾರಣ ಮುಂದೆ ತಿಳಿಯುತ್ತದೆ. ಅವಳು ನಡುನಡುವೆ ಪ್ರಶ್ನೆ ಕೇಳಿದ್ದು ನೆನಪಿದೆ. ಕೊನೆಯಲ್ಲಿ ಪುಸ್ತಕ ಮುಚ್ಚದೆಯೇ ಕೂತಿದ್ದಳು. ಅಷ್ಟು ಹೊತ್ತು ಕೇಳಿದರೂ ನನ್ನಿಂದ ಏನೂ ಹೋಗಿರಲಿಲ್ಲ. ಅವಳಿಗೆ ಅದು ಅರ್ಥವಾಗಿತ್ತು.

ಇಪ್ಪತ್ತರ ಮಧ್ಯಾಹ್ನ ಊಟದ ಹೊತ್ತಿಗೆ ಅಣ್ಣ ಅಂಗಡಿಯ ಹೊಸ ಬಿಲ್ ಪುಸ್ತಕವನ್ನು ಮಾತಿಲ್ಲದೆ ಇಂಚರಳ ಓದುವ ಮೇಜಿನ ಮೇಲಿಟ್ಟು ಹೋದ. ಅದನ್ನು ನೋಡಿದ ಮೇಲೆ ನಾನು ನೋಟ್‌ಬುಕ್ ತೆರೆದೆ.

ಸಮುದ್ರವನ್ನು ಕೊಡುವ ಮಾತೇ ಇರಲಿಲ್ಲ. ಆದರೆ ಪ್ರವಾಸದಲ್ಲಿ ವಾಪಸು ಬರುವ ಬಸ್ಸು ಒಂದಿತ್ತು. ಒಂಬತ್ತು ಗಂಟೆಯ ಪ್ರಯಾಣ. ಯಾರಿಗೋ ವಾಂತಿ, ಎಲ್ಲೋ ಟೈರ್ ಪಂಕ್ಚರ್, ಕಿಟಕಿಯ ಸೀಟು. ಹೀಗೆಂದು ಆ ದಿನ ಪುಟದಲ್ಲಿ ಬರೆದಿದ್ದೇನೆ. ಅಂದಾಜಿಗೆ ಏಳು ಹೆಸರಿನಷ್ಟೇ ತೂಕ. ಬಸ್ಸನ್ನು ಕತ್ತರಿಸಿ ಕೊಟ್ಟರೆ ಸಮುದ್ರ ಹಾಗೇ ಉಳಿಯುತ್ತದೆ.

ಇಂಚರ ಒಪ್ಪಲಿಲ್ಲ. “ಅತ್ತೆ, ನೀನು ಅಳೆದಿದ್ದು ಹಾಜರಿ ಪಟ್ಟಿ. ಪಟ್ಟಿ ಬೇರೆ, ನಡೆದದ್ದು ಬೇರೆ ಅಂತ ಇಲ್ಲೇ ಕೊಟ್ಟಿದಾರೆ ನೋಡು.”

“ಮಾರ್ಕ್ಸಿಗೋಸ್ಕರ ಕೊಟ್ಟಿದಾರೆ ಅದು.”

“ನಾನು ಫೇಲಾದ್ರೆ ಆಗ್ಲಿ. ಪೂರಕ ಪರೀಕ್ಷೆ ಇದೆ.”

“ನಿಮ್ಮಪ್ಪ ಬಿಲ್ ಬುಕ್ ಇಟ್ಟು ಹೋಗಿದಾನೆ ಕಣೇ.”

“ನೀನು ಎದುರು ಕೂತ್ರೆ ನಾನು ಓದಲ್ಲ.”

“ಕೂರದಿದ್ರೆ ನೀನು ಓದಿದಾಗ ನಿಮ್ಮಮ್ಮನ ಸಾರು ಹೋಗುತ್ತೆ. ಆಮೇಲೆ ನಾನು ನೀನು ಇಬ್ರೂ ಕೇಳ್ಬೇಕಾಗುತ್ತೆ.”

ಅವಳಿಗೆ ನಗು ಬಂತು. ನಕ್ಕ ಮೇಲೆ ಹಟ ಸ್ವಲ್ಪ ಸಡಿಲವಾಯಿತು. ನಾಲ್ಕೂಕಾಲಿಗೆ ಚಾಪೆ ಹಾಸಿದೆ. ‘ಕೊಡಬಹುದು’ ಪುಟದಲ್ಲಿ ‘ವಾಪಸು ಬರುವ ಬಸ್ಸು ಮಾತ್ರ’ ಎಂದು ಬರೆದು, ‘ಮಾತ್ರ’ದ ಕೆಳಗೆ ಎರಡು ಗೆರೆ ಎಳೆದು ಕೂತೆ. ನಾಲ್ಕು ಮೂವತ್ತೆಂಟಕ್ಕೆ ಇಂಚರ ಪುಸ್ತಕ ಮುಚ್ಚಿ, ವ್ಯಕ್ತಿತ್ವ ಮತ್ತು ಬುದ್ಧಿಶಕ್ತಿಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು.

ಡೈರಿಯಲ್ಲಿ ಹೊಸಬರಿಗೆ ನಾನೇ ಹೇಳಿಕೊಡುವ ಮಾತೊಂದಿದೆ: ಆಕಳ ಹಾಲಿಗೆ ಗುರುತು ಮಾಡಿದ ಕಡ್ಡಿಯಿಂದ ಎಮ್ಮೆಯ ಹಾಲು ಅಳೆಯಬೇಡಿ. ಹೆಸರುಗಳಿಂದ ಮಾಡಿದ ಅಳತೆಯನ್ನು ನಾನು ಎರಡು ದಿನದ ಮೇಲೆ ಹಾಕಿದ್ದೆ. ಹೆಸರುಗಳ ನಡುವೆ ಗೆರೆ ಇರುತ್ತದೆ, ಆರನೆಯದಕ್ಕೂ ಏಳನೆಯದಕ್ಕೂ ಸಂಬಂಧವಿಲ್ಲ. ನಡೆದದ್ದಕ್ಕೆ ಅಂಥ ಗೆರೆ ಇರಲಿಲ್ಲವೆಂದು ಕಾಣುತ್ತದೆ. ಪುಟ ತಿರುವಿ ‘ಸಮುದ್ರ, ಎರಡು ದಿನ’ ಎಂದು ಓದಿದೆ. ನನ್ನದೇ ಅಕ್ಷರ. ಆ ಹೆಸರಿನ ಒಳಗೆ ಹೋಗಿ ನೋಡಿದೆ. ಕ್ಯಾಲೆಂಡರಿನಲ್ಲಿ ಕಾಣುವಂಥ ನೀಲಿ ಇತ್ತು, ಅಷ್ಟೇ.

ಇಂಚರ ನನ್ನ ಮುಖವನ್ನೇ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ಅವಳಿಗೆ ಪರೀಕ್ಷೆ.

“ಹೋಯ್ತಾ?” ಎಂದಳು.

“ಬಸ್ಸು ಹೋಯ್ತು. ಒಳ್ಳೇದೇ ಆಯ್ತು.”

“ಸಮುದ್ರ?”

“ಇದೆ.”

“ನೀರು ಹೇಗಿತ್ತು ಹೇಳು.”

“ಹೇಗಿರುತ್ತೆ, ತಣ್ಣಗಿತ್ತು.”

ಅವಳು ಜಡೆಯ ತುದಿ ಕಚ್ಚಿದಳು. ಆಮೇಲೆ “ಹ್ಞೂಂ” ಎಂದು ಪುಸ್ತಕ ಎತ್ತಿಕೊಂಡು ಎದ್ದು ಹೋದಳು. ನನ್ನ ಸುಳ್ಳು ನಡೆಯಿತು ಎಂದುಕೊಂಡೆ.

ಪರೀಕ್ಷೆ ಮುಗಿಯಿತು. ಊರು ಉಸಿರು ಬಿಟ್ಟಿತು. ಜನ ಮತ್ತೆ ಕಿಟಕಿಗಳ ಪಕ್ಕ ನಿಂತು ಮಾತಾಡತೊಡಗಿದರು. ಮೈಕಿನ ಆಟೋ ಕಂದಾಯದ ವಿಷಯಕ್ಕೆ ಮರಳಿತು. ಏಪ್ರಿಲ್ ಕೊನೆಯಲ್ಲಿ ಫಲಿತಾಂಶ ಬಂತು. ಮನಃಶಾಸ್ತ್ರದಲ್ಲಿ ಮೂವತ್ತೈದು. ಅಣ್ಣ ಬೀದಿಗೆಲ್ಲ ಮೈಸೂರುಪಾಕು ಹಂಚಿ, “ಎಲ್ಲಾ ನಮ್ ಶೈಲಾದೇ” ಎಂದ. ಬಿಲ್ ಪುಸ್ತಕ ಅಂಗಡಿಗೆ ವಾಪಸು ಹೋಯಿತು. ಅತ್ತಿಗೆ ಎರಡು ತುಂಡು ಹೆಚ್ಚಿಗೆ ನನ್ನ ತಟ್ಟೆಗೆ ಹಾಕಿ, “ಬೇಜಾರ್ ಮಾಡ್ಕೋಬೇಡ, ನನ್ ಬಾಯಿ ಗೊತ್ತಲ್ಲ” ಎಂದರು.

ಆಮೇಲೆ ಇಂಚರ ಉತ್ತರಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿದಳು. “ಫೇಲಾದೋರು ತರಿಸ್ತಾರೆ. ಪಾಸಾದ್ಮೇಲೆ ನಿಂಗ್ಯಾಕೆ ಬೇಕೇ ಅದು?” ಎಂದ ಅಣ್ಣ. ಮೇ ಹದಿನಾಲ್ಕರಂದು ನಕಲು ಬಂತು. ಹನ್ನೊಂದನೆಯ ಪುಟದ ಮೂಲೆ ಮಡಚಿ ನನ್ನ ಕೈಗಿಟ್ಟಳು.

“ಅತ್ತೆ, ನೀರು ತಣ್ಣಗಿರ್ಲಿಲ್ಲ,” ಎಂದು ಅಡುಗೆಮನೆಗೆ ಹೋದಳು.

ನಾನು ಎಲ್ಲವನ್ನೂ ಮೊದಲಿನಿಂದ ನೋಡುವವಳು. ಮೊದಲ ಪುಟದಲ್ಲಿ ಒಟ್ಟು ಮೂವತ್ತನಾಲ್ಕೂವರೆ ಎಂದಿತ್ತು. ಅರ್ಧ ಇದ್ದರೆ ಮೇಲಕ್ಕೆ ಏರಿಸುವ ನಿಯಮ, ಆದ್ದರಿಂದ ಮೂವತ್ತೈದು. ಎರಡು ವ್ಯಾಖ್ಯಾನಗಳಿಗೆ ಎರಡೆರಡು ಪೂರ್ತಿ ಸಿಕ್ಕಿದ್ದವು. ಹನ್ನೊಂದನೆಯ ಪುಟದಲ್ಲಿ ಪ್ರಶ್ನೆ ಘಟನಾ ಸ್ಮೃತಿಯನ್ನು ಉದಾಹರಣೆಯೊಂದಿಗೆ ವಿವರಿಸಿ ಎಂದು. ಅದರ ಕೆಳಗೆ ಇಂಚರಳ ದುಂಡು ಅಕ್ಷರ:

“ಸಮುದ್ರದ ನೀರು ತಣ್ಣಗಿರುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ನನ್ನ ಅತ್ತೆಯೂ ಹಾಗೇ ತಿಳಿದಿದ್ದರು. ಡಿಗ್ರಿ ಓದುವಾಗ ಒಂದು ಬೆಳಿಗ್ಗೆ ಆರೂ ಹತ್ತಕ್ಕೆ ಅವರು ಚೂಡಿದಾರದ ಕಾಲು ಮಡಚಿ, ಹಲ್ಲು ಕಚ್ಚಿ ನೀರಿಗೆ ಕಾಲಿಟ್ಟರು. ಅದು ಬೆಚ್ಚಗಿತ್ತು. ಹಸುವಿನ ಮೈ ಮುಟ್ಟಿದ ಹಾಗೆ ಇತ್ತು. ಅವರು ನಂಬಲಿಲ್ಲ. ಒಬ್ಬ ಗೆಳತಿಯನ್ನು (ಅವರ ಹೆಸರು ಪಠ್ಯಪುಸ್ತಕದ ಮುನ್ನುಡಿಗೆ ಹೋಗಿದೆ) ಕೂಗಿ ಕರೆದು, ಪ್ರಯೋಗಕ್ಕೆ ತಂದ ಥರ್ಮಾಮೀಟರ್ ಅದ್ದಿ ನೋಡಿದರು. 27.5 ಡಿಗ್ರಿ. ಅಳೆದ ಮೇಲೆ ಅತ್ತೆಗೆ ನಂಬಿಕೆ ಬಂತು. ಆಮೇಲೆ ವೇಲು ನೀರಿಗೆ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ, ನೆನೆಯಲಿ ಎಂದು ಬಿಟ್ಟರು. ಅತ್ತೆ ಅದಕ್ಕೆ ಮೊದಲು ಯಾವುದನ್ನೂ ನೆನೆಯಲಿ ಎಂದು ಬಿಟ್ಟಿರಲಿಲ್ಲ. ಆಮೇಲೂ ಬಿಟ್ಟಿಲ್ಲ. ಕಲಿತ ಮೃದ್ವಂಗಿಗಳು ಕಾಲ ಕೆಳಗೇ ಇದ್ದವು. ಒಂದರ ಹೆಸರೂ ನೆನಪಾಗಲಿಲ್ಲ, ನೆನಪು ಮಾಡಿಕೊಳ್ಳಬೇಕು ಎಂದೂ ಅನ್ನಿಸಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಒಂಬತ್ತು ಗಂಟೆಯಾದರೂ ವೇಲಿನ ತುದಿ ಒದ್ದೆಯಿತ್ತು. ಒಣಗಬಾರದು ಎಂದು ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದರು. ಆದ್ದರಿಂದ ಬಸ್ಸನ್ನು ಸಮುದ್ರದಿಂದ ಬೇರೆ ಮಾಡಲು ಬರುವುದಿಲ್ಲ. ಇದಕ್ಕೆ ಘಟನಾ ಸ್ಮೃತಿ ಎನ್ನುತ್ತಾರೆ.”

ಇದು ನನಗೆ ನಡೆದದ್ದು ಎಂದು ನನಗೆ ಅನ್ನಿಸುವುದಿಲ್ಲ. ಯಾರೋ ಒಬ್ಬ ಹುಡುಗಿಗೆ ನಡೆದದ್ದು. ಆ ಹುಡುಗಿ ನನಗೆ ಇಷ್ಟವಾದಳು. ಈ ಪುಟವನ್ನು ಇಲ್ಲಿಯವರೆಗೆ ಮೂರು ಸಲ ಓದಿದ್ದೇನೆ, ಹಿತ್ತಲಿನಲ್ಲಿ, ಯಾರೂ ಇಲ್ಲದಾಗ. ನಾಲ್ಕನೆಯ ಸಲ ಓದಿದರೆ ಬಾಯಿಪಾಠವಾಗಿಬಿಡುತ್ತದೆಂಬ ಭಯವಿದೆ. ಬೇಲಿಯ ಆಚೆ ಜನ ಇರುತ್ತಾರೆ, ಅವರು ಏನು ಯೋಚಿಸುತ್ತಿರುತ್ತಾರೋ ಹೇಳಲಾಗದು. ಮೇಲಿನದನ್ನು ನಕಲು ಮಾಡುವಾಗಲೂ ಒಂದೊಂದೇ ಪದ ನೋಡಿ ಬರೆದೆ.

ಮೌಲ್ಯಮಾಪಕರು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಶಾಲೆಯ ಮೊದಲ ದಿನ ಬರೆದಿಲ್ಲ’ ಎಂದು ಗುರುತು ಹಾಕಿದ್ದಾರೆ. ಇಡೀ ಉತ್ತರದಲ್ಲಿ ಸರಿ ಚಿಹ್ನೆ ಇರುವುದು ಒಂದೇ ಕಡೆ, 27.5ರ ಮೇಲೆ. ಅದಕ್ಕೆ ಕೊಟ್ಟದ್ದು ಐದಕ್ಕೆ ಅರ್ಧ ಅಂಕ.